ಹೆಸರಿಲ್ಲದ ದೂರು



ಕನ್ನಡದಲ್ಲಿ ‘ಮೂಗರ್ಜಿ’ ಎಂಬ ಒಂದು ಪದವಿದೆ. ನಿಮ್ಮಲ್ಲಿ ಹಲವರು ಅದನ್ನು ಕೇಳಿರಲಿಕ್ಕಿಲ್ಲ. ತಾಲ್ಲೂಕು ಕಚೇರಿಯಲ್ಲೋ ಶಿಕ್ಷಣ ಇಲಾಖೆಯಲ್ಲೋ ಕೆಲಸ ಮಾಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿ ನೋಡಿ. ಒಂದೆರಡು ಕಥೆಗಳಾದರೂ ಹೊರಬರುತ್ತವೆ. ಬರೆದವರ ಹೆಸರಿಲ್ಲದ, ಸಹಿಯಿಲ್ಲದ, ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದಂತೆ ಕಾಣುವ ಅರ್ಜಿಗೆ ಮೂಗರ್ಜಿ ಎನ್ನುತ್ತಾರೆ. ಅರ್ಜಿ ಇನ್ನೊಬ್ಬರ ಮೇಲೆ ಬೇಕಾದಷ್ಟು ಹೇಳುತ್ತದೆ, ಆದರೆ ನೀನು ಯಾರು ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ.

ಇಂದು ನಾನು ಹೇಳಹೊರಟಿರುವುದು ನಮ್ಮ ಕಚೇರಿಗಳ ಮೂಗರ್ಜಿಯನ್ನು ಕುರಿತಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಿವೃತ್ತರಿಗಾಗಿಯೇ ಕಟ್ಟಿದ ಊರುಗಳಿವೆ. ಅಲ್ಲಿ ಅಂಗಳದ ಹುಲ್ಲು ಎಷ್ಟು ಬೆಳೆಯಿತು, ಮನೆಯ ಮುಂದೆ ಯಾವ ಬೊಂಬೆ ಇಟ್ಟರು, ಮೊಮ್ಮಗ ಬಂದು ಎಷ್ಟು ದಿನ ಉಳಿದ ಎಂಬ ವಿಷಯಗಳ ಮೇಲೆಲ್ಲ ನೆರೆಹೊರೆಯವರು ಹೆಸರು ಹೇಳದೆ ದೂರು ಕೊಡುತ್ತಾರೆ. ಆ ದೂರುಗಳ ಸುತ್ತ ದೊಡ್ಡ ವಿವಾದಗಳೇ ನಡೆದಿವೆ. ಮುದುಕರ ಊರಿನ ಜಗಳ ನಮಗೇಕೆ ಎನ್ನಬೇಡಿ. ನಿಯಮವೊಂದಿದ್ದರೆ ಅದನ್ನು ಜಾರಿಗೆ ತರುವವರು ಯಾರು, ಯಾರ ಮಾತು ಕೇಳಿ ಜಾರಿಗೆ ತರುತ್ತಾರೆ ಎಂಬುದು ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಇರುವ ನಿಮಗೂ ದಿನನಿತ್ಯ ಎದುರಾಗುವ ಪ್ರಶ್ನೆಯೇ.

ಮೊದಲು ಈ ಊರುಗಳ ಪರಿಚಯ ಮಾಡಿಕೊಳ್ಳೋಣ. ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ನಗರದ ಪಕ್ಕದ ಒಣನೆಲದಲ್ಲಿ 1954ರಲ್ಲಿ ಬೆನ್ ಷ್ಲೈಫರ್ ಎಂಬ ಭೂವ್ಯವಹಾರಸ್ಥ ಒಂದು ಹೊಸ ಬಗೆಯ ಬಡಾವಣೆಯನ್ನು ಆರಂಭಿಸಿದ. ವಯಸ್ಸಾದವರು ಮಾತ್ರ ಇರಬೇಕಾದ ಆ ಊರಿಗೆ ಅವನಿಟ್ಟ ಹೆಸರು ಯಂಗ್‌ಟೌನ್, ಅಂದರೆ ಹರೆಯದ ಊರು! ಆರು ವರ್ಷಗಳ ನಂತರ, 1960ರ ಜನವರಿ 1ರಂದು, ಅದರ ಪಕ್ಕದಲ್ಲೇ ಡೆಲ್ ವೆಬ್ ಎಂಬ ದೊಡ್ಡ ಕಟ್ಟಡ ಗುತ್ತಿಗೆದಾರ ‘ಸನ್ ಸಿಟಿ’ಯನ್ನು ತೆರೆದ. ಮಾದರಿ ಮನೆಗಳನ್ನು ನೋಡಲು ಮೊದಲ ವಾರಾಂತ್ಯದಲ್ಲೇ ಸುಮಾರು ಒಂದು ಲಕ್ಷ ಜನ ಬಂದರಂತೆ. ಗಾಲ್ಫ್ ಮೈದಾನ, ಈಜುಕೊಳ, ಹವ್ಯಾಸ ಕೇಂದ್ರ, ಮಕ್ಕಳ ಗಲಾಟೆಯಿಲ್ಲದ ಬೀದಿ – ಇವನ್ನೆಲ್ಲ ಮನೆಯ ಜೊತೆಗೆ ಸೇರಿಸಿಯೇ ಆತ ಮಾರಿದ. ನಿವೃತ್ತಿ ಎಂದರೆ ಮೂಲೆಯಲ್ಲಿ ಕೂರುವುದು ಎಂಬ ಭಾವನೆ ಹೋಗಿ, ಅದೊಂದು ದೀರ್ಘ ರಜೆ ಎಂಬ ಭಾವನೆ ಅಮೆರಿಕದಲ್ಲಿ ಬಂದದ್ದರಲ್ಲಿ ಆತನ ಜಾಹೀರಾತಿನ ಪಾಲು ಕಡಿಮೆಯಲ್ಲ.

ಈ ಬಗೆಯ ಊರುಗಳಲ್ಲಿ ಇಂದು ಅತ್ಯಂತ ಪ್ರಸಿದ್ಧವಾದದ್ದು ಫ್ಲಾರಿಡಾ ರಾಜ್ಯದ ‘ದಿ ವಿಲೇಜಸ್’. ಹೆಸರಿನ ಅರ್ಥ ಹಳ್ಳಿಗಳು ಎಂದಾದರೂ ಇದು ಹಳ್ಳಿಯಲ್ಲ. ಹೆರಾಲ್ಡ್ ಶ್ವಾರ್ಟ್ಸ್ ಎಂಬಾತ ಲೇಡಿ ಲೇಕ್ ಎಂಬಲ್ಲಿ ನಡೆಸುತ್ತಿದ್ದ, ಸಾಗಿಸಬಹುದಾದ ಮನೆಗಳ ಒಂದು ಸಾಮಾನ್ಯ ಬಡಾವಣೆ ಇದರ ಮೂಲ. 1980ರ ದಶಕದಲ್ಲಿ ಆತನ ಮಗ ಗ್ಯಾರಿ ಮೋರ್ಸ್ ಜೊತೆಗೂಡಿದ ಮೇಲೆ ಅದು ವಿಸ್ತಾರವಾಗಿ ಬೆಳೆಯಿತು. 2020ರ ಜನಗಣತಿಯ ಪ್ರಕಾರ ಅದನ್ನು ಒಳಗೊಂಡ ನಗರ ಪ್ರದೇಶದ ಜನಸಂಖ್ಯೆ ಸುಮಾರು 1 ಲಕ್ಷ 30 ಸಾವಿರ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಇಡೀ ಅಮೆರಿಕದಲ್ಲಿ ಅತಿ ವೇಗವಾಗಿ, ಶೇಕಡಾ 39ರಷ್ಟು, ಬೆಳೆದ ನಗರ ಪ್ರದೇಶ ಅದೇ. ಅಲ್ಲಿನ ಹಿರಿಯರು ಅಂಗಡಿಗೆ, ನೃತ್ಯಕ್ಕೆ, ವೈದ್ಯರ ಬಳಿಗೆ ಹೋಗುವುದು ಹೆಚ್ಚಾಗಿ ಗಾಲ್ಫ್ ಗಾಡಿಗಳಲ್ಲಿ. ಕಾರ್ಯಕ್ರಮದಲ್ಲಿ ನಕ್ಷೆಯ ಮೇಲೆ ತೋರಿಸಿದ ತೆಳುವಾದ ಗೆರೆಗಳು ನೆನಪಿದ್ದರೆ, ಅವು ಆ ಗಾಡಿಗಳಿಗೆಂದೇ ಮಾಡಿದ ದಾರಿಗಳು.

ಇಂಥ ಊರಿನಲ್ಲಿ ಮನೆ ಕೊಳ್ಳುವವರು ಕೇವಲ ಗೋಡೆ, ಸೂರು ಕೊಳ್ಳುವುದಿಲ್ಲ. ಒಂದು ಷರತ್ತುಗಳ ಕಟ್ಟನ್ನೂ ಕೊಳ್ಳುತ್ತಾರೆ. ಆ ಷರತ್ತುಗಳು ಜಮೀನಿನ ದಾಖಲೆಯಲ್ಲಿ ನೋಂದಣಿಯಾಗಿರುತ್ತವೆ. ಹುಲ್ಲು ಕತ್ತರಿಸಿರಬೇಕು, ಅನುಮತಿಯಿಲ್ಲದೆ ಮನೆಯ ಬಣ್ಣ ಬದಲಾಯಿಸಬಾರದು, ಅಂಗಳದಲ್ಲಿ ಫಲಕ ನೆಡಬಾರದು, ಕೆಲವು ಭಾಗಗಳಲ್ಲಿ ಅಂಗಳಕ್ಕೆ ಅಲಂಕಾರದ ಬೊಂಬೆಯನ್ನೂ ಇಡಬಾರದು. ದಿ ವಿಲೇಜಸ್‌ನಲ್ಲಿ 19 ವರ್ಷ ತುಂಬದವರು ಅತಿಥಿಗಳಾಗಿ ಬರಬಹುದು, ಆದರೆ ವರ್ಷಕ್ಕೆ 30 ದಿನಗಳಿಗಿಂತ ಹೆಚ್ಚು ಉಳಿಯುವಂತಿಲ್ಲ. ಅಂದರೆ ಈ ಪುಟ ಓದುತ್ತಿರುವ ನಿಮ್ಮಲ್ಲಿ ಬಹುಪಾಲು ಜನಕ್ಕೆ ಅಲ್ಲಿ ಒಂದು ತಿಂಗಳ ಮೇಲೆ ಇರಲು ಅವಕಾಶವಿಲ್ಲ, ಅಜ್ಜಿ ತಾತ ಎಷ್ಟೇ ಕರೆದರೂ.

ಮೊದಲ ಮಾಲೀಕ ಒಪ್ಪಿದ ಷರತ್ತು ನಾಲ್ಕನೆಯ ಮಾಲೀಕನನ್ನು ಕಟ್ಟಿಹಾಕುವುದು ಹೇಗೆ? ಇದಕ್ಕೆ ಉತ್ತರ ಲಂಡನ್ನಿನಲ್ಲಿದೆ. ಅಲ್ಲಿನ ಲೆಸ್ಟರ್ ಸ್ಕ್ವೇರ್ ಎಂಬ ಚೌಕದ ಉದ್ಯಾನವನ್ನು ಟಲ್ಕ್ ಎಂಬಾತ 1808ರಲ್ಲಿ ಮಾರಿದ. ಅದನ್ನು ಉದ್ಯಾನವಾಗಿಯೇ ಉಳಿಸಿಕೊಳ್ಳಬೇಕು, ಕಟ್ಟಡ ಕಟ್ಟಬಾರದು ಎಂದು ಪತ್ರದಲ್ಲಿ ಬರೆಸಿಕೊಂಡ. ಕೈಯಿಂದ ಕೈಗೆ ದಾಟಿ ಅದು ಮಾಕ್ಸೆ ಎಂಬಾತನಿಗೆ ಬಂದಾಗ, ಮಾತು ಕೊಟ್ಟವನು ನಾನಲ್ಲವಲ್ಲ ಎಂದು ಆತ ಕಟ್ಟಲು ಹೊರಟ. ಷರತ್ತು ತಿಳಿದೇ ಕೊಂಡವನು ಅದಕ್ಕೆ ಬದ್ಧ ಎಂದು 1848ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಒಂದು ಹಸಿರು ಚೌಕವನ್ನು ಉಳಿಸಿದ ಆ ತತ್ತ್ವವೇ ಸಾಗರ ದಾಟಿ ಅಮೆರಿಕದ ಬಡಾವಣೆಗಳ ಅಡಿಪಾಯವಾಯಿತು.

ಆದರೆ ಒಳ್ಳೆಯ ಉಪಕರಣ ಕೆಟ್ಟ ಕೈಗೂ ಸಿಗುತ್ತದೆ. 20ನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಅನೇಕ ನಗರಗಳಲ್ಲಿ ಕರಿಯ ಜನರಿಗೆ ಮನೆ ಮಾರಕೂಡದೆಂಬ ಷರತ್ತನ್ನು ಇದೇ ರೀತಿ ಕ್ರಯಪತ್ರಗಳಿಗೆ ಸೇರಿಸಿದರು. ಸೇಂಟ್ ಲೂಯಿಸ್ ನಗರದ ಶೆಲ್ಲಿ ಎಂಬ ಕುಟುಂಬದ ಮೊಕದ್ದಮೆಯಲ್ಲಿ, ಇಂಥ ಷರತ್ತನ್ನು ಸರ್ಕಾರದ ಯಾವ ನ್ಯಾಯಾಲಯವೂ ಜಾರಿಗೊಳಿಸುವಂತಿಲ್ಲ ಎಂದು 1948ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ವಯಸ್ಸಿನ ಷರತ್ತಿನ ದಾರಿ ಬೇರೆ. ಮನೆ ಕೊಡುವಾಗ ಮಕ್ಕಳಿರುವ ಕುಟುಂಬಗಳಿಗೆ ತಾರತಮ್ಯ ಮಾಡಬಾರದೆಂದು 1988ರಲ್ಲಿ ಕಾನೂನಾಯಿತು. ಹಿರಿಯರ ವಸತಿಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ ಕೊಟ್ಟರು. 1995ರ ತಿದ್ದುಪಡಿಯ ನಂತರ, ಜನವಿರುವ ಮನೆಗಳಲ್ಲಿ ಕನಿಷ್ಠ ಶೇಕಡಾ 80ರಲ್ಲಿ 55 ವರ್ಷ ದಾಟಿದ ಒಬ್ಬರಾದರೂ ಇದ್ದು, ಆ ಉದ್ದೇಶವನ್ನು ನಿಯಮಗಳಲ್ಲಿ ಸ್ಪಷ್ಟಪಡಿಸಿದ್ದರೆ ಸಾಕು.

ಇಲ್ಲಿ ನಿಮ್ಮ ವಯಸ್ಸಿನವನೇ ಆದ ಒಬ್ಬ ಹುಡುಗನ ಪ್ರಸಂಗ ಬರುತ್ತದೆ. 1990ರ ದಶಕದ ಉತ್ತರಾರ್ಧದಲ್ಲಿ, ತನ್ನ ಮನೆಯಲ್ಲಿ ಇರಲಾಗದ ಪರಿಸ್ಥಿತಿಯಲ್ಲಿ ಆತ ಯಂಗ್‌ಟೌನಿನಲ್ಲಿದ್ದ ಅಜ್ಜಿ ತಾತಂದಿರ ಆಶ್ರಯಕ್ಕೆ ಬಂದ. ಊರಿನ ಆಡಳಿತ ನಿಯಮದ ಪುಸ್ತಕ ತೆರೆಯಿತು. ಹುಡುಗ ಹೋಗಬೇಕು, ಇಲ್ಲವಾದರೆ ದಂಡ ಎಂದಿತು. ಅಜ್ಜಿ ತಾತ ಬಗ್ಗಲಿಲ್ಲ. ವಿಷಯ ರಾಜ್ಯದ ಅಟಾರ್ನಿ ಜನರಲ್ ಅವರವರೆಗೆ ಹೋಯಿತು. ಪರಿಶೀಲಿಸಿ ನೋಡಿದರೆ ಊರಿನ ವಯೋನಿರ್ಬಂಧವೇ ಕಾನೂನಿನ ಪ್ರಕಾರ ಸರಿಯಾಗಿ ಜಾರಿಯಾಗಿರಲಿಲ್ಲ. ಹಿರಿಯರ ಊರುಗಳಲ್ಲಿ ಮೊದಲನೆಯದೆಂದು ಹೆಸರಾದ ಯಂಗ್‌ಟೌನ್ 1998ರಲ್ಲಿ ತನ್ನ ವಯೋನಿರ್ಬಂಧವನ್ನು ಕಳೆದುಕೊಂಡಿತು, ನಂತರ ಅಲ್ಲಿಗೆ ಮಕ್ಕಳಿರುವ ಸಂಸಾರಗಳು ಬಂದವು. ಒಂದು ನಿಯಮವನ್ನು ಒಬ್ಬ ಹುಡುಗನ ಮೇಲೆ ಬಿಗಿಯಾಗಿ ಪ್ರಯೋಗಿಸಲು ಹೋಗಿ ಊರು ಆ ನಿಯಮವನ್ನೇ ಕಳೆದುಕೊಂಡಿತು.

ಈಗ ದೂರಿನ ವಿಷಯಕ್ಕೆ ಬರೋಣ. ಇಷ್ಟೊಂದು ಷರತ್ತುಗಳಿದ್ದರೆ ಅವುಗಳ ಪಾಲನೆಯನ್ನು ನೋಡುವವರು ಯಾರು? ಮೊಮ್ಮಗಳು ಬಂದು 29ನೆಯ ದಿನವೋ 31ನೆಯ ದಿನವೋ ಎಂದು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಎಣಿಸಲು ನೌಕರರಿಲ್ಲ. ದಿ ವಿಲೇಜಸ್‌ನಲ್ಲಿ ರಸ್ತೆ, ಚರಂಡಿ ಮುಂತಾದ ಹಲವು ವ್ಯವಸ್ಥೆಗಳನ್ನು ನೋಡಿಕೊಳ್ಳುವುದು 1980ರ ಒಂದು ರಾಜ್ಯ ಕಾನೂನಿನ ಕೆಳಗೆ ರಚಿತವಾದ ಅಭಿವೃದ್ಧಿ ಮಂಡಲಿಗಳು. ಹಲವು ಷರತ್ತುಗಳನ್ನು ಜಾರಿಗೊಳಿಸುವ ಅಧಿಕಾರವೂ ಅವಕ್ಕೇ ಇದೆ. ಆದರೆ ಅವರ ಸಿಬ್ಬಂದಿ ತಾವಾಗಿ ಬೀದಿ ಸುತ್ತಿ ತಪ್ಪು ಹುಡುಕುವ ಪದ್ಧತಿ ಇಟ್ಟುಕೊಳ್ಳಲಿಲ್ಲ. ಯಾರಾದರೂ ದೂರು ಕೊಟ್ಟರೆ ಮಾತ್ರ ಹೋಗಿ ನೋಡುವುದು. ನಿಜವಾಗಿ ಉಲ್ಲಂಘನೆಯಾಗಿದ್ದರೆ ಮೊದಲು ತಿಳಿವಳಿಕೆಯ ಮಾತು, ಆಮೇಲೆ ಪತ್ರ, ಅದಕ್ಕೂ ಜಗ್ಗದಿದ್ದರೆ ಮಂಡಲಿಯ ಮುಂದೆ ಬಹಿರಂಗ ವಿಚಾರಣೆ, ಕೊನೆಗೆ ದಿನಕ್ಕೆ ಇಷ್ಟೆಂದು ಬೆಳೆಯುವ ದಂಡ. ದೂರು ಕೊಡುವವರು ಹೆಸರು ಹೇಳಲೇಬೇಕೆಂದಿರಲಿಲ್ಲ. ಒಂದು ದೂರವಾಣಿ ಕರೆ ಸಾಕಿತ್ತು.

ಮೇಲುನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸಿಬ್ಬಂದಿ ಹೋಗಿ ಕಣ್ಣಾರೆ ನೋಡುತ್ತಾರಲ್ಲ. ಹುಲ್ಲು ಬೆಳೆದಿದ್ದರೆ ಬೆಳೆದಿದೆ, ಇಲ್ಲದಿದ್ದರೆ ಇಲ್ಲ. ದೂರಿದವರು ಗೆಳೆಯರೋ ಶತ್ರುಗಳೋ ಹುಲ್ಲಿನ ಉದ್ದ ಬದಲಾಗುವುದಿಲ್ಲ. ಮೂಗರ್ಜಿಯನ್ನು ಸಮರ್ಥಿಸುವವರು ಹೇಳುವ ಮಾತು ಇದೇ, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ 2019ರಲ್ಲಿ ಆರಂಭವಾದ ಒಂದು ಪ್ರಕರಣವನ್ನು ನೋಡಿ. ಅಲ್ಲಿನ ಕೆಲವರು ತಮ್ಮ ಅಂಗಳದಲ್ಲಿ ಚಿಕ್ಕದೊಂದು ಬಿಳಿಯ ಶಿಲುಬೆಯನ್ನು ನೆಟ್ಟುಕೊಂಡಿದ್ದರು. ಅಂಗಳದ ಅಲಂಕಾರ ನಿಷಿದ್ಧವಾದ ಒಂದು ಭಾಗದಲ್ಲಿ ಹೀಗೆ ಶಿಲುಬೆ ನೆಟ್ಟಿದ್ದ ವೃದ್ಧ ದಂಪತಿಯ ಮೇಲೆ ಹೆಸರಿಲ್ಲದ ದೂರು ಬಂತು. ತೆಗೆಯಿರಿ ಎಂದು ನೋಟೀಸು ಹೋಯಿತು. ತೆಗೆಯುವುದಿಲ್ಲ ಎಂದರು. ದಿನದಂಡ ಬಿತ್ತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ನಿಯಮವೇ ಇಲ್ಲವೆಂದು ಅವರು ವಾದಿಸಲಿಲ್ಲ. ಸುತ್ತಮುತ್ತಲ ಅಂಗಳಗಳಲ್ಲಿ ಬಗೆಬಗೆಯ ಅಲಂಕಾರ ವಸ್ತುಗಳಿರುವಾಗ ನಮ್ಮ ಮೇಲೆ ಮಾತ್ರ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮಂಡಲಿಯ ಕಡೆಯ ಉತ್ತರ ಸರಳ: ಉಳಿದವುಗಳ ಮೇಲೆ ದೂರು ಬಂದಿಲ್ಲ.

ಈ ಉತ್ತರವನ್ನು ಒಂದು ಕ್ಷಣ ಯೋಚಿಸಿ. ನಿಯಮ ಎಲ್ಲರಿಗೂ ಒಂದೇ, ಆದರೆ ಅದು ಎಚ್ಚರಗೊಳ್ಳುವುದು ಯಾರ ಮೇಲೆ ಇನ್ನೊಬ್ಬರಿಗೆ ಅಸಮಾಧಾನವಿದೆಯೋ ಅವರ ಮನೆಯ ಮುಂದೆ ಮಾತ್ರ. ಹುಲ್ಲು ಕತ್ತರಿಸದ ಹತ್ತು ಮನೆಗಳಲ್ಲಿ ಜನಪ್ರಿಯರಾದ ಒಂಬತ್ತು ಮಂದಿ ಆರಾಮವಾಗಿರುತ್ತಾರೆ. ಗಂಟುಮುಖದ ಹತ್ತನೆಯವರಿಗೆ ನೋಟೀಸು ಬರುತ್ತದೆ. ಆಗ ಅವರಿಗೆ ಶಿಕ್ಷೆಯಾದದ್ದು ಹುಲ್ಲಿಗೋ ಗಂಟುಮುಖಕ್ಕೋ? ಸಿಬ್ಬಂದಿ ಎಷ್ಟೇ ಪ್ರಾಮಾಣಿಕವಾಗಿ ಹುಲ್ಲನ್ನು ಅಳೆದರೂ ಯಾವ ಮನೆಯ ಹುಲ್ಲನ್ನು ಅಳೆಯಬೇಕೆಂದು ತೀರ್ಮಾನಿಸಿದವರು ಬೇರೆ ಯಾರೋ. ಆ ಯಾರೋ ಎದುರು ಬರುವುದಿಲ್ಲ. ವಿಚಾರಣೆಯ ಕೋಣೆಯಲ್ಲಿ ಅವರಿಗೆ ಕುರ್ಚಿಯೇ ಇಲ್ಲ. ನನ್ನ ಮಟ್ಟಿಗೆ, ದೂರು ಸುಳ್ಳಾಗಿರಬಹುದು ಎಂಬ ಭಯ ಮೂಗರ್ಜಿಯ ದೊಡ್ಡ ದೋಷವಲ್ಲ. ದೂರು ನಿಜವೇ ಆಗಿದ್ದಾಗಲೂ ನ್ಯಾಯ ಕೆಡುತ್ತದೆ ಎಂಬುದೇ ದೊಡ್ಡ ದೋಷ. ನೋಟೀಸು ಬಂದವರು ಸಿಟ್ಟಿನಿಂದ ಗಾಲ್ಫ್ ಗಾಡಿ ಹತ್ತಿ ಬೀದಿಬೀದಿ ಸುತ್ತಿ, ಕಂಡ ಮನೆಗಳ ಮೇಲೆಲ್ಲ ತಾವೂ ಹೆಸರಿಲ್ಲದ ದೂರು ಕೊಟ್ಟದ್ದೂ ಉಂಟು.

ಇಲ್ಲಿ ನನ್ನದೇ ಒಂದು ನೆನಪನ್ನು ಹೇಳುತ್ತೇನೆ. ನಾನು ಪದವಿ ಓದುವಾಗ ಇದ್ದ ಹಾಸ್ಟೆಲಿನಲ್ಲಿ ಕೋಣೆಯೊಳಗೆ ಒಲೆ ಹಚ್ಚಬಾರದೆಂಬ ನಿಯಮವಿತ್ತು. ಸರಿಯಾದ ನಿಯಮವೇ. ಆದರೆ ಅರ್ಧದಷ್ಟು ಕೋಣೆಗಳಲ್ಲಿ ನೀರು ಕಾಯಿಸುವ ಕಾಯಿಲ್ ಇತ್ತು, ಚಹಾ ಮಾಡುವ ಸ್ಟೌ ಇತ್ತು. ನನ್ನ ಜೊತೆಯ ಒಬ್ಬ ಹುಡುಗನಿಗೆ ಹೊಟ್ಟೆಯ ಕಾಯಿಲೆ. ಮೆಸ್ಸಿನ ಸಾರು ಆಗುತ್ತಿರಲಿಲ್ಲ. ರಾತ್ರಿ ಬತ್ತಿ ಸ್ಟೌವಿನ ಮೇಲೆ ಒಂದು ಲೋಟ ಗಂಜಿ ಕಾಯಿಸಿಕೊಳ್ಳುತ್ತಿದ್ದ. ಮೆಟ್ಟಿಲ ಕೆಳಗಿನ ದೂರು ಪೆಟ್ಟಿಗೆಯಲ್ಲಿ ಯಾರೋ ಒಂದು ಚೀಟಿ ಹಾಕಿದರು. ವಾರ್ಡನ್ ಒಳ್ಳೆಯವರು, ದೂರು ಬಂದಿದೆ, ನಾನು ನೋಡಲೇಬೇಕು ಎಂದರು. ಅವನ ಕೋಣೆಯೊಂದನ್ನೇ ನೋಡಿದರು. ಸ್ಟೌ ಸಿಕ್ಕಿತು. ಅವನನ್ನು ಒಂದು ತಿಂಗಳು ಹಾಸ್ಟೆಲಿನಿಂದ ಹೊರಗಿಟ್ಟರು, ಪರೀಕ್ಷೆಗೆ ಆರು ವಾರವಿದ್ದಾಗ. ಚೀಟಿ ಬರೆದವರು ಯಾರೆಂದು ಇಂದಿಗೂ ನನಗೆ ಗೊತ್ತಿಲ್ಲ. ನಾನು ಇಬ್ಬರನ್ನು ಅನುಮಾನಿಸಿದ್ದೆ. ವರ್ಷ ಮುಗಿಯುವವರೆಗೆ ಆ ಇಬ್ಬರೊಡನೆಯೂ ಮಾತು ಬಿಟ್ಟೆ. ಇದ್ದದ್ದು ಒಂದೇ ಚೀಟಿ, ಒಂದೇ ಕೈಬರಹ. ಅಂದಮೇಲೆ ಅವರಲ್ಲಿ ಒಬ್ಬನಾದರೂ ನಿರಪರಾಧಿ. ಪ್ರಾಯಶಃ ಇಬ್ಬರೂ.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಎಂಬತ್ತು ವಯಸ್ಸಿನ, ಒಂಟಿಯಾಗಿರುವ ಒಬ್ಬ ಅಜ್ಜಿಯನ್ನು ನೆನೆಯಿರಿ. ಪಕ್ಕದ ಮನೆಯವನ ಜಲ್ಲಿ, ಮರದ ತುಂಡುಗಳು ಅವರ ಗೋಡೆಯ ಪಕ್ಕದಲ್ಲೇ ಬಿದ್ದಿವೆ. ಅವನು ಮುಂಗೋಪಿ. ಹೋಗಿ ಕೇಳಲು ಅವರಿಗೆ ಧೈರ್ಯವಿಲ್ಲ. ಕಚೇರಿಗೆ ಹೆಸರು ಕೊಟ್ಟು ದೂರೋಣವೆಂದರೆ ಫ್ಲಾರಿಡಾದಲ್ಲಿ ಒಂದು ತೊಡಕಿದೆ. ಸರ್ಕಾರಿ ಸಂಸ್ಥೆಗಳ ದಾಖಲೆಗಳು ಸಾರ್ವಜನಿಕರಿಗೆ ತೆರೆದಿರಬೇಕೆಂಬ ಕಾನೂನು ಆ ರಾಜ್ಯದಲ್ಲಿ ಬಹಳ ವಿಶಾಲವಾಗಿದೆ. ಅಭಿವೃದ್ಧಿ ಮಂಡಲಿ ಕೂಡ ಸರ್ಕಾರಿ ಸಂಸ್ಥೆಯೇ ಆದ್ದರಿಂದ ಅಜ್ಜಿಯ ಹೆಸರು ದಾಖಲೆಗೆ ಹೋದರೆ ಆ ಮುಂಗೋಪಿ ನಾಳೆ ಅದೇ ದಾಖಲೆಯನ್ನು ಕೇಳಿ ಪಡೆಯಬಹುದು. ಆಡಳಿತ ಪಾರದರ್ಶಕವಾಗಿರಲಿ ಎಂದು ಮಾಡಿದ ಕಾನೂನು ಜನರನ್ನು ಮೂಗರ್ಜಿಯ ಕಡೆಗೆ ತಳ್ಳುವುದೆಂದರೆ ವಿಚಿತ್ರವಲ್ಲವೇ? ಹೆಸರೇ ಕೊಡದಿದ್ದರೆ ಹೊರಬೀಳಲು ಹೆಸರಿಲ್ಲ.

ಹೆಸರಿಲ್ಲದ ದೂರಿಗೂ ಹೆಸರನ್ನು ಗುಟ್ಟಾಗಿಟ್ಟ ದೂರಿಗೂ ಇರುವ ಅಂತರ ಇಲ್ಲಿ ಮುಖ್ಯ. ಮೊದಲನೆಯದರಲ್ಲಿ ದೂರಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಎರಡನೆಯದರಲ್ಲಿ ಕಚೇರಿಗೆ ಗೊತ್ತು, ಇತರರಿಗೆ ಗೊತ್ತಿಲ್ಲ. ಎರಡನೆಯ ಬಗೆಯಲ್ಲಿ ಅಧಿಕಾರಿ ದೂರುದಾರರನ್ನು ಕರೆದು ಕೇಳಬಹುದು, ಒಬ್ಬರೇ ಐವತ್ತು ಮನೆಗಳ ಮೇಲೆ ದೂರುತ್ತಿದ್ದರೆ ಅದೂ ಕಾಣುತ್ತದೆ. ಆದರೆ ಗುಟ್ಟನ್ನು ಕಾಯುವ ಭರವಸೆ ಗಟ್ಟಿಯಾಗಿರಬೇಕು. ನಮ್ಮ ದೇಶದಲ್ಲಿ ಇದನ್ನು ಬಹಳ ನೋವಿನಿಂದ ಕಲಿತೆವು. ರಾಷ್ಟ್ರೀಯ ಹೆದ್ದಾರಿ ಯೋಜನೆಯ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು ಕಾಮಗಾರಿಯ ಅಕ್ರಮಗಳನ್ನು ಕುರಿತು ಪ್ರಧಾನಿ ಕಾರ್ಯಾಲಯಕ್ಕೆ ಪತ್ರ ಬರೆದರು. ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿದ್ದರೂ ಪತ್ರ ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದು ದರೋಡೆಯ ಸಂದರ್ಭದ ಕೊಲೆಯೆಂದು ತನಿಖೆ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಆದರೂ ಆ ಸಾವಿನ ನಂತರವೇ, 2004ರಲ್ಲಿ, ಹೆಸರು ತಿಳಿಸಿದ ದೂರುದಾರರ ಗುರುತನ್ನು ಕಾಪಾಡುವ ಹೊಣೆಯನ್ನು ಸರ್ಕಾರ ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿತು.

ಆ ಆಯೋಗ ಮೂಗರ್ಜಿಗಳ ವಿಷಯದಲ್ಲಿ ಅದಕ್ಕೂ ಮೊದಲೇ ಒಂದು ನಿಲುವನ್ನು ತಳೆದಿತ್ತು. ಹೆಸರಿಲ್ಲದ, ಸುಳ್ಳು ಹೆಸರಿನ ದೂರುಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು 1999ರ ಜೂನ್ ತಿಂಗಳಲ್ಲಿ ಸುತ್ತೋಲೆ ಹೊರಡಿಸಿತು. ಪರಿಶೀಲಿಸಬಹುದಾದ ಸಂಗತಿಗಳಿದ್ದರೆ ಆಯೋಗದ ಒಪ್ಪಿಗೆ ಪಡೆದು ನೋಡಬಹುದೆಂದು 2002ರಲ್ಲಿ ಸಡಿಲಿಸಿತು. 2014ರಲ್ಲಿ ಮತ್ತೆ ಹಳೆಯ ನಿಲುವಿಗೇ ಮರಳಿತು. ಈ ಹೊಯ್ದಾಟ ಹೊಸದೇನೂ ಅಲ್ಲ. ಎರಡನೆಯ ಶತಮಾನದ ಆರಂಭದಲ್ಲಿ ರೋಮ್ ಚಕ್ರವರ್ತಿ ಟ್ರಾಜನ್, ತನ್ನ ಪ್ರಾಂತಾಧಿಕಾರಿ ಪ್ಲಿನಿಗೆ ಬರೆದ ಉತ್ತರದಲ್ಲಿ, ಸಹಿಯಿಲ್ಲದ ಆರೋಪಪತ್ರಗಳಿಗೆ ಯಾವ ವಿಚಾರಣೆಯಲ್ಲೂ ಸ್ಥಾನ ಕೊಡಬಾರದೆಂದು ತಿಳಿಸಿದ್ದ.

ಫ್ಲಾರಿಡಾ ಕೂಡ ಕೊನೆಗೆ ಈ ವಿಷಯಕ್ಕೆ ಕೈಹಾಕಿತು. ಕೌಂಟಿ ಮತ್ತು ನಗರಾಡಳಿತಗಳ ತನಿಖಾಧಿಕಾರಿಗಳು ಹೆಸರು, ವಿಳಾಸ ಕೊಡದವರ ದೂರಿನ ಮೇಲೆ ತನಿಖೆ ಆರಂಭಿಸಬಾರದೆಂದು 2021ರ ಜುಲೈ 1ರಿಂದ ಕಾನೂನು ಬಂತು. ಜನರ ಆರೋಗ್ಯಕ್ಕೋ ಸುರಕ್ಷತೆಗೋ, ವನ್ಯಜೀವಿಗಳ ನೆಲೆಗೋ ತಕ್ಷಣದ ಅಪಾಯವಿದ್ದರೆ ಮಾತ್ರ ವಿನಾಯಿತಿ. ಆದರೆ ಈ ಕಾನೂನು ಕೌಂಟಿ, ನಗರಗಳ ಕಟ್ಟಳೆಗಳಿಗೆ ಸಂಬಂಧಿಸಿದ್ದು. ಕ್ರಯಪತ್ರದ ಷರತ್ತುಗಳನ್ನು ಅದು ಮುಟ್ಟಲಿಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ, ಒಂದೇ ಅಂಗಳದ ಮೇಲೆ, ನಗರದ ಕಟ್ಟಳೆ ಮುರಿದರೆಂದು ದೂರುವವರು ಹೆಸರು ಹೇಳಬೇಕು. ಬಡಾವಣೆಯ ಷರತ್ತು ಮುರಿದರೆಂದು ದೂರುವವರಿಗೆ ಆ ಕಾನೂನಿನ ಕಟ್ಟುಪಾಡಿಲ್ಲ.

ಷರತ್ತುಗಳ ದಂಡಕ್ಕೆ ಬೇರೆ ಕಡಿವಾಣಗಳಿವೆ. ಮನೆಮಾಲೀಕರ ಖಾಸಗಿ ಸಂಘಗಳು ದಂಡ ಹಾಕುವ ಮೊದಲು ಕನಿಷ್ಠ 14 ದಿನಗಳ ನೋಟೀಸು ಕೊಡಬೇಕು. ಸಂಘದ ಪದಾಧಿಕಾರಿಗಳಾಗಲಿ ಅವರ ಬಂಧುಗಳಾಗಲಿ ಅಲ್ಲದ, ಮೂವರಿಗೆ ಕಡಿಮೆಯಿಲ್ಲದ ನಿವಾಸಿಗಳ ಸಮಿತಿ ವಾದ ಕೇಳಬೇಕು. ಅವರು ಒಪ್ಪದಿದ್ದರೆ ದಂಡವಿಲ್ಲ. ಕಸದ ಡಬ್ಬಿಯನ್ನು ಕಸದ ಗಾಡಿ ಬರುವ ಹೊತ್ತಿಗೆ 24 ಗಂಟೆಯ ಒಳಗೆ ರಸ್ತೆಬದಿಯಲ್ಲಿಟ್ಟದ್ದಕ್ಕೆ ದಂಡ ಹಾಕಬಾರದು ಎಂದು 2024ರಲ್ಲಿ ರಾಜ್ಯದ ಶಾಸನಸಭೆ ಕಾನೂನನ್ನೇ ಮಾಡಬೇಕಾಯಿತು. ಬಟ್ಟೆ ಒಣಗಿಸುವ ಹಗ್ಗವನ್ನು ಯಾವ ಕ್ರಯಪತ್ರವೂ ನಿಷೇಧಿಸುವಂತಿಲ್ಲ ಎಂಬ ರಕ್ಷಣೆಯೂ ಅಲ್ಲಿದೆ. ನಮ್ಮ ಹಿತ್ತಿಲ ಹಗ್ಗಗಳನ್ನು ಕಂಡವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಕಾನೂನು ಬೇಕಾದಷ್ಟರ ಮಟ್ಟಿಗೆ ಅಲ್ಲಿ ಆ ಹಗ್ಗಕ್ಕೆ ಅಪಾಯವಿತ್ತೆಂದು ತಿಳಿಯಬೇಕು.

ನಮ್ಮವರಿಗೂ ಈ ಊರುಗಳು ಅಪರಿಚಿತವಲ್ಲ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ನಂತರ ಅಲ್ಲಿಗೆ ಹೋದ ಭಾರತೀಯ ಎಂಜಿನಿಯರುಗಳು, ವೈದ್ಯರು ಈಗ ನಿವೃತ್ತರು. ದಿ ವಿಲೇಜಸ್‌ಗೆ ದೂರವಲ್ಲದ ಟವಾರೆಸ್ ಎಂಬ ಊರಿನಲ್ಲಿ ಭಾರತೀಯ ಮೂಲದ ಹಿರಿಯರಿಗಾಗಿಯೇ ‘ಶಾಂತಿನಿಕೇತನ’ ಎಂಬ ವಸತಿ ಸಮುಚ್ಚಯವಿದೆ. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋಗಿ ಎರಡು ತಿಂಗಳು ಉಳಿಯುವುದು ನಮ್ಮಲ್ಲಿ ಯಾರೂ ಎಣಿಸದ ಸಂಗತಿ. ದಿನ ಎಣಿಸುವ ಊರಿನಲ್ಲಿ ನೆಲೆಸಿದ ನಮ್ಮ ಅಜ್ಜಿಯರಿಗೆ, ಮೊಮ್ಮಕ್ಕಳು ಬಂದ ತಾರೀಖನ್ನು ತಾವು ಬರೆದಿಡುವುದಕ್ಕಿಂತ, ಎದುರುಮನೆಯ ಪರದೆಯ ಹಿಂದೆ ಯಾರಾದರೂ ಬರೆದಿಡುತ್ತಿರಬಹುದೇ ಎಂಬ ಶಂಕೆಯೇ ಹೆಚ್ಚು ಕಷ್ಟವಾದೀತು.

ಹಾಗಾದರೆ ಏನು ಮಾಡಬೇಕು? ನನಗೆ ತೋಚುವುದು ಹೀಗೆ. ಷರತ್ತು ಬೇಕೆಂದು ಊರು ತೀರ್ಮಾನಿಸಿದರೆ ಅದನ್ನು ನೋಡಿಕೊಳ್ಳುವ ಖರ್ಚನ್ನೂ ಊರೇ ಹೊರಬೇಕು. ಗೊತ್ತಾದ ದಿನ ಎಲ್ಲ ಮನೆಗಳನ್ನೂ ಒಂದೇ ಕಣ್ಣಿನಿಂದ ನೋಡಿ ಬರಬೇಕು. ಅಷ್ಟು ಖರ್ಚು ಮಾಡುವಷ್ಟು ಮುಖ್ಯವಲ್ಲದ ಷರತ್ತನ್ನು ತೆಗೆದುಹಾಕಬೇಕು. ಬೆಂಕಿ, ಹಾವು, ಕುಸಿಯುವ ಗೋಡೆಯಂಥ ಅಪಾಯದ ಸುದ್ದಿಯನ್ನು ಯಾರು ಕೊಟ್ಟರೂ ಹೆಸರು ಕೇಳದೆ ಓಡಬೇಕು. ಉಳಿದ ದೂರುಗಳಿಗೆ ಹೆಸರಿರಲಿ, ಆ ಹೆಸರನ್ನು ಕಾಯುವ ಹೊಣೆ ಕಚೇರಿಗಿರಲಿ. ಇದಕ್ಕೂ ಆಕ್ಷೇಪಣೆಗಳಿವೆ. ವರ್ಷಕ್ಕೆ ನಾಲ್ಕು ಸಲ ಅಧಿಕಾರಿಗಳು ಅಂಗಳ ಇಣುಕುವುದಕ್ಕಿಂತ ನೆರೆಯವರ ಕಣ್ಣೇ ಮೇಲು ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ನೀವು ಇದನ್ನು ತರಗತಿಯಲ್ಲಿ ಚರ್ಚಿಸಬಹುದು. ನಿಮ್ಮ ಶಾಲೆಯಲ್ಲಿ, ಕಾಲೇಜಿನಲ್ಲಿ ದೂರು ಪೆಟ್ಟಿಗೆ ಇದೆಯೇ, ಅದನ್ನು ತೆರೆಯುವವರು ಯಾರು, ಹೆಸರಿಲ್ಲದ ಚೀಟಿ ಸಿಕ್ಕಿದರೆ ಅವರು ಏನು ಮಾಡುತ್ತಾರೆ ಎಂದು ವಿಚಾರಿಸಿ. ನಿಮ್ಮ ಹಾಸ್ಟೆಲಿಗೆ ನೀವೇ ವಾರ್ಡನ್ ಆಗಿದ್ದು ಆ ಸ್ಟೌವಿನ ಚೀಟಿ ನಿಮ್ಮ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದು ಪುಟ ಮೀರದಂತೆ ಬರೆದು ನಮಗೆ ಕಳುಹಿಸಿ. ಪತ್ರದಲ್ಲಿ ಹೆಸರು, ತರಗತಿ ಮತ್ತು ಪೂರ್ಣ ವಿಳಾಸ ಇರಲಿ. ಹೆಸರು ಅಚ್ಚಾಗುವುದು ಬೇಡವೆಂದಿದ್ದರೆ ಪತ್ರದ ಕೊನೆಯಲ್ಲಿ ಹಾಗೆಂದು ಒಂದು ಸಾಲು ಬರೆಯಿರಿ. ನಾವು ಅಚ್ಚುಹಾಕುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ.